ಮೂಗರ್ಜಿಯಲ್ಲ, ಮೂಗಿನ ಅರ್ಜಿ

ಅನಿಲ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಅಕ್ಕ ತನ್ನದೇ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಒಲೆ ಹಚ್ಚಕೂಡದೆಂದು ತಮ್ಮ ಕಚೇರಿ ಅಪ್ಪಣೆ ಹೊರಡಿಸಿದೆ. ಹಚ್ಚಲೇಬೇಕಿದ್ದರೆ ಪಕ್ಕದಲ್ಲಿ ‘ಘ್ರಾಣಶಕ್ತಿಯುಳ್ಳ ವಯಸ್ಕರೊಬ್ಬರು’ ಸದಾ ಹಾಜರಿರತಕ್ಕದ್ದಂತೆ. ಹಾಗೆಂದು ಮುಚ್ಚಳಿಕೆ ಬರೆದು ಸಹಿ ಹಾಕಿಕೊಡದಿದ್ದರೆ ಬರುವ ಸೋಮವಾರ ತಮ್ಮ ತಪಾಸಣಾಧಿಕಾರಿ ಬಂದು ಗ್ಯಾಸಿನ ಸಂಪರ್ಕವನ್ನೇ ಕಿತ್ತುಕೊಂಡು ಹೋಗುತ್ತಾರಂತೆ. ಸದರಿ ಘ್ರಾಣಶಕ್ತಿಯುಳ್ಳ ವಯಸ್ಕ ನಾನೇ. ಪತ್ರಿಕೆಗಳಿಗೆ ನಗೆಬರಹ ಬರೆದು ಹೊಟ್ಟೆ ಹೊರೆಯುತ್ತಿದ್ದವನನ್ನು ತಾವು ಕರುಣೆಯಿಟ್ಟು ಮೂಗಿನ ಹುದ್ದೆಗೆ ಏರಿಸಿದ್ದೀರಿ. ಅಂದಿನಿಂದ ನಾನು ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ. ಈ ಮೇಲಿನ ಮೂರು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಅಡುಗೆಮನೆಯನ್ನು ಮೂಸಿ ಬಂದಿದ್ದೇನೆ. ಎರಡನೆಯ ಸಲ ಅಕ್ಕ ಸೌಟು ತೋರಿಸಿದಳು.

ಇದನ್ನು ಮೂಗರ್ಜಿಯೆಂದು ಪಕ್ಕಕ್ಕೆ ಸರಿಸಬೇಡಿ. ಇದು ಮೂಗಿನ ಅರ್ಜಿ. ಮೂಗರ್ಜಿಗೆ ಸಹಿ ಇರುವುದಿಲ್ಲ, ಮೂಗಿನ ಅರ್ಜಿಗೆ ತಮ್ಮಲ್ಲಿ ವಿಭಾಗವೇ ಇಲ್ಲ. ಆದ್ದರಿಂದಲೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅಕ್ಕನ ವಿಚಾರ ಮೊದಲು ಹೇಳಬೇಕು. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ನನಗೆ ಮದುವೆ ಕೂಡಿಬರಲಿಲ್ಲ, ಅವಳಿಗೆ ಕೂಡಿಬಂದದ್ದು ಬಾಳಲಿಲ್ಲ. ಮಿಕ್ಕಿದ್ದು ಜಗಳವೊಂದೇ, ಅದನ್ನು ಸಮಪಾಲು ಮಾಡಿಕೊಂಡು ಸುಖವಾಗಿದ್ದೇವೆ. ಕೆಲವು ವರ್ಷಗಳ ಹಿಂದೆ ಅವಳಿಗೆ ಒಂದು ಕೆಟ್ಟ ಜ್ವರ ಬಂದು, ಹೋಗುವಾಗ ವಾಸನೆಯನ್ನು ಕಟ್ಟಿಕೊಂಡು ಹೋಯಿತು. ಮೂಗು ಯಥಾಸ್ಥಾನದಲ್ಲಿದೆ. ಉಸಿರಾಡುತ್ತದೆ, ಕನ್ನಡಕ ಹೊರುತ್ತದೆ, ನನ್ನ ಮೇಲೆ ಸಿಟ್ಟು ಬಂದಾಗ ತುದಿಯಲ್ಲಿ ಕೆಂಪಾಗುತ್ತದೆ. ವಾಸನೆಯ ಇಲಾಖೆ ಮಾತ್ರ ಬಾಗಿಲು ಹಾಕಿಕೊಂಡಿದೆ. “ವಾಪಸ್ ಬರಬಹುದು, ಬರದೆಯೂ ಇರಬಹುದು” ಅಂದರು ಡಾಕ್ಟರು. ಹವಾಮಾನ ವರದಿ ಓದಿದ ಹಾಗಿತ್ತು.

ಅಕ್ಕನ ಕಸುಬು ಹಣ್ಣಿನ ಜಾಮ್ ಮಾಡುವುದು. ನಮ್ಮ ಬೀದಿಯ ಅಂಗಡಿಗಳಲ್ಲಿ, ಆಚೆ ಬೀದಿಯ ಬೇಕರಿಯಲ್ಲಿ ಅವಳ ಬಾಟಲಿಗಳು ಕೂತಿರುತ್ತವೆ. ಮೂಗು ಕೈಕೊಟ್ಟ ಮೇಲೆ ಈ ಕೆಲಸ ನಿಂತಿತೆಂದೇ ನಾನು ತಿಳಿದಿದ್ದೆ. ಅವಳು ಕಿವಿಯನ್ನು ಕೆಲಸಕ್ಕೆ ಹಚ್ಚಿದಳು. ಜಾಮು ನೀರಾಗಿರುವಾಗ ಕುದಿಯುವ ಸದ್ದು ಬೇರೆ, ಗಟ್ಟಿಯಾಗುತ್ತ ಬಂದಾಗಿನ ಸದ್ದು ಬೇರೆ. ಮೊದಲಿನದು ಹರಟೆ, ಆಮೇಲಿನದು ಗೊಣಗಾಟ. ಗೊಣಗಾಟ ಶುರುವಾದೊಡನೆ ಅವಳು ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಬಿಟ್ಟು ಬೆರಳಿನಿಂದ ದೂಡಿ ನೋಡುತ್ತಾಳೆ. “ಅಲ್ಲ ಅಕ್ಕಾ, ಸುಟ್ರೆ ನಿಂಗೆ ಹೇಗೆ ಗೊತ್ತಾಗುತ್ತೆ?” ಎಂದು ಒಮ್ಮೆ ಕೇಳಿದ್ದೆ. “ಸುಡೋಕೆ ಮುಂಚೇನೇ ಗೊತ್ತಾಗುತ್ತೆ ಕಣೋ. ಸುಟ್ಟ ಮೇಲೆ ಗೊತ್ತಾಗೋದು ನಿಮಗೆ, ಮೂಗಿರೋರಿಗೆ” ಅಂದಳು.

ಹಳೆಯ ಒಲೆ ಅವಳ ಅಗಲದ ಪಾತ್ರೆಗೆ ಸಾಲುತ್ತಿರಲಿಲ್ಲ. ಆನೆಯನ್ನು ಮಣೆಯ ಮೇಲೆ ಕೂರಿಸಿದ ಹಾಗೆ ಪಾತ್ರೆ ಓಲಾಡುತ್ತಿತ್ತು. ಹಾಗಾಗಿ ಅಡುಗೆಕಟ್ಟೆಯ ಕಲ್ಲನ್ನೇ ಕೊರೆದು ಕೂರಿಸುವ ಹೊಸ ಒಲೆ ತಂದೆವು. ಮಾನ್ಯರೇ, ಹಳೆಯ ಒಲೆ ಕಟ್ಟೆಯ ಮೇಲೆ ಬೆತ್ತಲೆ ಕೂತಿರುತ್ತಿತ್ತು. ಅದರ ಹೊಟ್ಟೆ, ಬೆನ್ನು, ಪೈಪು ಎಲ್ಲವೂ ದಾರಿಹೋಕನ ಕಣ್ಣಿಗೂ ಬೀಳುತ್ತಿದ್ದವು. ಹೊಸದು ಮರ್ಯಾದಸ್ಥ ಒಲೆ. ಮೇಲೆ ಮುಖ ನೋಡಿಕೊಳ್ಳುವಂಥ ಗಾಜು, ಕರುಳು ಮಾತ್ರ ಕಲ್ಲಿನ ಕೆಳಗೆ ಕತ್ತಲಲ್ಲಿ. ಒಲೆಯ ಕೆಳಗೆ ಬಡಗಿ ಚಂದದ ಡ್ರಾಯರ್ ಮಾಡಿಕೊಟ್ಟ, ಚಮಚ ಚಾಕುಗಳಿಗೆಂದು. ಡ್ರಾಯರಿನ ಹಿಂದಿನಿಂದ ರಬ್ಬರ್ ಪೈಪು ಇಳಿದು ಕೆಳಗಿನ ಕಪಾಟಿನಲ್ಲಿರುವ ಸಿಲಿಂಡರಿಗೆ ಹೋಗುತ್ತದೆ. ಸಂಸಾರದ ಗುಟ್ಟಿನಂತೆ ಎಲ್ಲವೂ ಒಳಗೊಳಗೇ.

ಜೋಡಿಸಲು ಬಂದದ್ದು ತಮ್ಮ ಕಚೇರಿಯೇ ಪರವಾನಗಿ ಕೊಟ್ಟ ಫಿಟ್ಟರ್. ಆಸಾಮಿ ಬರುವಾಗಲೇ ಸೀನುತ್ತ ಬಂದ. ಡ್ರಾಯರನ್ನು ಎಳೆದು ಹೊರಗಿಟ್ಟು, ಕಲ್ಲಿನ ಕೆಳಗೆ ತಲೆ ತೂರಿಸಿ, ಪೈಪು ಸಿಕ್ಕಿಸಿ, ಕ್ಲಿಪ್ಪು ಬಿಗಿದ. ಒಲೆಯ ಜತೆ ಬಂದ ಪುಸ್ತಿಕೆಯಲ್ಲಿ, ಜೋಡಣೆಯಾದ ಮೇಲೆ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು ಎಂದಿತ್ತು. ನಾನು ಅದನ್ನು ಹೇಳಿದೆ. “ಅದೆಲ್ಲ ಹಳೇ ಕಾಲದ್ದು ಸಾರ್. ಲೀಕ್ ಆದ್ರೆ ವಾಸನೆ ಬರುತ್ತಲ್ಲ” ಅಂದ. ಅಷ್ಟರಲ್ಲಿ ಕಲ್ಲು ಕೊರೆಯುವವನು ಮಿಕ್ಕ ಕಲ್ಲನ್ನು ಮೆಟ್ಟಿಲಲ್ಲಿ ಇಳಿಸಲು ಕೈ ಕೊಡಿ ಎಂದು ನನ್ನನ್ನು ಕರೆದ. ನಾನು ಹೋದೆ. ಒಳಗೆ ಏನು ನಡೆಯಿತೆಂಬುದನ್ನು ಅಕ್ಕನ ಬಾಯಿಂದಲೇ ಕೇಳಿದ್ದೇನೆ. ಅವಳು ಸುಳ್ಳು ಹೇಳುವುದು ನನ್ನ ಬರಹ ಚೆನ್ನಾಗಿದೆ ಅನ್ನುವಾಗ ಮಾತ್ರ.

ಫಿಟ್ಟರ್ ಗ್ಯಾಸ್ ಬಿಟ್ಟ. ಕಲ್ಲಿನ ಕೆಳಗೆ ಬಗ್ಗಿ ಮೂಗೆಳೆದ. ಮೂಗು ಕಟ್ಟಿತ್ತು, ಗೊರ್ ಎಂದಿತು.

“ಅಮ್ಮಾ, ನನಗೆ ನೆಗಡಿ. ನೀವೇ ಒಂಚೂರು ಬಗ್ಗಿ ನೋಡಿ. ವಾಸನೆ ಬರ್ತಿದೆಯಾ?”

“ನನಗೆ ವಾಸನೆ ಬರಲ್ಲಪ್ಪ” ಅಂದಳು ಅಕ್ಕ.

“ಬರಲ್ವಾ?”

“ಒಂಚೂರೂ ಬರಲ್ಲ.”

“ಹಾಗಿದ್ರೆ ಎಲ್ಲಾ ಸರಿಯಾಗಿದೆ ಬಿಡಿ!”

ಫೋನಿನಲ್ಲಿ ಏನನ್ನೋ ಒತ್ತಿದ, ಡ್ರಾಯರನ್ನು ಒಳಗೆ ತಳ್ಳಿದ, ಇನ್ನೊಮ್ಮೆ ಸೀನಿದ, ಹೋದ. ನಮ್ಮ ಒಲೆ ಸುರಕ್ಷಿತವೆಂದು ತಮ್ಮ ಕಚೇರಿಯ ದಾಖಲೆಗೆ ಸೇರಿಹೋಯಿತು.

ಮಾನ್ಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಭಾಷೆಯಲ್ಲಿ ‘ನನಗೆ ವಾಸನೆ ಬರಲ್ಲ’ ಎಂಬ ಮಾತಿಗೆ ಎರಡರ್ಥ. ಇಲ್ಲಿ ಯಾವ ವಾಸನೆಯೂ ಇಲ್ಲ ಎಂಬುದು ಒಂದು. ನನ್ನ ಮೂಗಿಗೆ ಶಕ್ತಿಯೇ ಇಲ್ಲ ಎಂಬುದು ಇನ್ನೊಂದು. ಒಂದು ಒಲೆಯ ಸುದ್ದಿ, ಇನ್ನೊಂದು ಅಕ್ಕನ ಸುದ್ದಿ. ಅಕ್ಕ ತನ್ನ ಸುದ್ದಿ ಹೇಳಿದಳು, ಫಿಟ್ಟರ್ ಒಲೆಯ ಸುದ್ದಿ ಕೇಳಿಸಿಕೊಂಡ. ‘ನನಗೆ ಈಜು ಬರಲ್ಲ’ ಎಂದವನನ್ನು, ‘ಓಹೋ, ಹಾಗಾದರೆ ಇಲ್ಲಿ ನೀರಿಲ್ಲ’ ಎಂದು ಬಾವಿಗೆ ತಳ್ಳಿದರೆ ಹೇಗಿರುತ್ತದೆ? ಒಂದು ಇಡೀ ಕಚೇರಿಯ ಸುರಕ್ಷತೆ ‘ಬರಲ್ಲ’ ಎಂಬ ಮೂರಕ್ಷರದ ಮೇಲೆ ನಿಂತಿದೆಯೆಂದರೆ ಪೈಪಿಗಿಂತ ಮೊದಲು ವ್ಯಾಕರಣವೇ ಸೋರಿತ್ತು ಎಂದಾಯಿತು. ಇದಕ್ಕೆ ಯಾವ ಕ್ಲಿಪ್ಪು ಬಿಗಿಯುತ್ತೀರಿ?

ಪೈಪು ಸೋರಿದ್ದು ಕೆಲವು ವಾರಗಳಾದ ಮೇಲೆ. ಆ ಬೆಳಿಗ್ಗೆ ಅಕ್ಕ ಸಿಲಿಂಡರಿನ ರೆಗ್ಯುಲೇಟರ್ ತೆರೆದಿಟ್ಟು, ಒಲೆ ಹಚ್ಚುವ ಮೊದಲು ಮುಂದಿನ ಕೋಣೆಯಲ್ಲಿ ಹಣ್ಣು ಹೆಚ್ಚುತ್ತ ಕೂತಿದ್ದಳು. ನಾನು ಪಕ್ಕದಲ್ಲೇ ಮೇಜಿನ ಮುಂದೆ ಬರೆಯುತ್ತಿದ್ದೆ. ಬಾಗಿಲು ದಬದಬ ಬಡಿದ ಸದ್ದಾಯಿತು. ಮೇಲಿನ ಮನೆಯ ಟೀಚರಮ್ಮ. ಅವರು ಕೆಲಸದಿಂದ ನಿವೃತ್ತರಾದರೂ ಹಾಜರಿ ತೆಗೆದುಕೊಳ್ಳುವ ಚಟದಿಂದ ಆಗಿಲ್ಲ. ಯಾರ ಮನೆಗೆ ಯಾರು ಬಂದರು, ಯಾಕೆ ಬಂದರು, ಬಂದವರು ಯಾಕೆ ಬೇಗ ಹೋದರು, ಎಲ್ಲದರಲ್ಲೂ ಅವರ ಮೂಗು ಇರುತ್ತದೆ.

“ಏನ್ರೀ ಇದು? ಮೆಟ್ಟಿಲ ತನಕ ಕೊಳೆತ ಕೋಸಿನ ವಾಸನೆ! ನಿಮ್ಮ ಜಾಮು ಹಳಸಿದೆ ಕಣ್ರೀ.”

“ನನ್ನ ಜಾಮು ಹಳಸೋದಾ?” ಅಕ್ಕ ಚಾಕು ಹಿಡಿದೇ ಎದ್ದಳು. “ಬಾಯಿಗೆ ಬಂದಿದ್ದನ್ನೆಲ್ಲ ಮೂಗಿಗೆ ಬಂತು ಅನ್ನಬೇಡಿ ಟೀಚರಮ್ಮ.”

“ನಿಮಗೆ ಮೂಗು ಅಂತ ಒಂದಿದ್ದಿದ್ರೆ ನಾನ್ಯಾಕೆ ಹೇಳ್ಬೇಕಿತ್ತು?”

ಅದು ಆಡಬಾರದ ಮಾತು. ಟೀಚರಮ್ಮನಿಗೂ ಆಡಿದ ಮೇಲೆ ಗೊತ್ತಾಯಿತು, ಆದರೆ ಅವರು ಒಮ್ಮೆ ಹಾಕಿದ ಅಂಕ ತಿದ್ದುವವರಲ್ಲ. ಅಕ್ಕ ಚಾಕು ಕೆಳಗಿಟ್ಟು ಹಣ್ಣಿನ ಪಾತ್ರೆ ಎತ್ತಿಕೊಂಡಳು. ಆಮೇಲೆ, “ಬನ್ನಿ ಒಳಗೆ. ನಿಮ್ಮ ಕಣ್ಣ ಮುಂದೇನೇ ಒಂದು ಪಾತ್ರೆ ಮಾಡಿ ತೋರಿಸ್ತೀನಿ, ತಿಂದು ನೋಡಿ ಮಾತಾಡಿ” ಎಂದು ದುಡುದುಡು ಅಡುಗೆಮನೆಗೆ ನಡೆದಳು. ಟೀಚರಮ್ಮ ಹಿಂದೆ. ಜಗಳ ಬಿಟ್ಟರೆ ನನಗೆ ಬರೆಯಲು ಮತ್ತೇನಿದೆ ಎಂದು ನಾನೂ ಹಿಂದೆ.

ಅಕ್ಕ ಹಣ್ಣಿನ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಅವಳ ಕೈ ಒಲೆಯ ನಾಬಿಗೆ ಹೋಯಿತು. ಟೀಚರಮ್ಮ ಆ ಕೈಯನ್ನು ಗಬಕ್ಕನೆ ಹಿಡಿದರು. ಅಪಾಯ ಗೊತ್ತಾಗಿ ಹಿಡಿದದ್ದಲ್ಲ ಮಾನ್ಯರೇ, ತಮ್ಮ ತಿಳಿವಳಿಕೆಗೆ ಹೇಳುತ್ತಿದ್ದೇನೆ.

“ನಾನಿನ್ನೂ ಮಾತು ಮುಗಿಸಿಲ್ಲ! ಮೊದಲು ಆ ಕೊಳೆತಿದ್ದು ಎಲ್ಲಿದೆ ಅಂತ ತೋರಿಸಿ. ಇಲ್ಲೇ ಎಲ್ಲೋ ಇದೆ.” ಹಾಗೆಂದು ಡ್ರಾಯರ್ ಎಳೆದು ಒಳಗೆ ಮುಖವಿಟ್ಟರು. ಮುಖ ಹೊರಗೆ ಬಂದಾಗ ಅದರಲ್ಲಿ ಟೀಚರಮ್ಮ ಇರಲಿಲ್ಲ. “ಅಯ್ಯೋ, ಇದು ಕೋಸಲ್ಲ ಕಣ್ರೀ. ಗ್ಯಾಸು!” ಅಂದವರೇ ಗಾಳಿ ಹೊರಹಾಕುವ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದರು.

“ಸ್ವಿಚ್ ಮುಟ್ಟಬೇಡೀ!” ಅಕ್ಕ ಕಿರುಚಿದ ರಭಸಕ್ಕೆ ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಒಂದು ಕಿಡಿ ಸಾಕಿತ್ತು. ಅಕ್ಕ ಬಗ್ಗಿ ರೆಗ್ಯುಲೇಟರ್ ಮುಚ್ಚಿದಳು, ಕಿಟಕಿ ಬಾಗಿಲು ತೆರೆದಳು, ನಮ್ಮಿಬ್ಬರನ್ನೂ ಕೋಳಿ ಅಟ್ಟಿದಂತೆ ಮೆಟ್ಟಿಲಿಗೆ ಅಟ್ಟಿದಳು. ಬೀದಿಗೆ ಬಂದು ನೋಡಿಕೊಂಡರೆ ನನ್ನ ಒಂದು ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಪೆನ್ನು. ಅಕ್ಕನನ್ನು ಟೀಚರಮ್ಮ ಉಳಿಸಿದರು, ಟೀಚರಮ್ಮನನ್ನು ಅಕ್ಕ ಉಳಿಸಿದಳು. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸಬಾರದೆಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಬುದ್ಧಿಮಾತನ್ನು ನಾನು ಆ ಬೀದಿಯಲ್ಲೇ ಬಿಟ್ಟುಬಂದೆ.

ಈಗ ತಮ್ಮ ಅಪ್ಪಣೆಗೆ ಬರುತ್ತೇನೆ. ಒಲೆಯ ಹತ್ತಿರ ಘ್ರಾಣಶಕ್ತಿಯುಳ್ಳ ವಯಸ್ಕರೊಬ್ಬರು ಇರಬೇಕು ಎನ್ನುತ್ತೀರಿ. ಸ್ವಾಮೀ, ಆವತ್ತು ಇದ್ದರಲ್ಲ! ಗೋಡೆಯಾಚೆಗೆ ಕೂತಿದ್ದರಲ್ಲ! ವಯಸ್ಸೂ ಇತ್ತು, ಘ್ರಾಣಶಕ್ತಿಯೂ ಇತ್ತು, ಕೈಯಲ್ಲಿ ಪೆನ್ನೂ ಇತ್ತು. ಅವರಿಗೇಕೆ ತಿಳಿಯಲಿಲ್ಲ? ಏಕೆಂದರೆ ಗ್ಯಾಸು ಒಮ್ಮೆಲೇ ನುಗ್ಗಿ ಬರಲಿಲ್ಲ. ಸಾಲ ಕೇಳಲು ಬಂದ ಸಂಬಂಧಿಕನ ಹಾಗೆ ಮೆಲ್ಲಗೆ, ಒಂದೊಂದೇ ಹೆಜ್ಜೆ ಬಂದಿತು. ಮೆಲ್ಲಗೆ ಬಂದದ್ದಕ್ಕೆ ಮೂಗು ಒಗ್ಗಿಹೋಗುತ್ತದೆ. ಮೀನಿನ ಅಂಗಡಿಯವನಿಗೆ ಮೀನು ನಾರುತ್ತದೆಯೇ? ಹೊರಗಿನಿಂದ ಹೊಸದಾಗಿ ಬಂದ ಟೀಚರಮ್ಮನಿಗೆ ಕೋಸಿನ ನಾತವಾದರೂ ಬಂತು; ಒಳಗೇ ಕೂತಿದ್ದ ನನಗೆ ಅದೂ ಇಲ್ಲ. ಜತೆಗೆ ಈ ಗ್ಯಾಸು ಗಾಳಿಗಿಂತ ಭಾರ. ನೆಲದಲ್ಲಿ, ಮುಚ್ಚಿದ ಕಪಾಟಿನಲ್ಲಿ ನೀರಿನಂತೆ ನಿಲ್ಲುತ್ತದೆ. ನನ್ನ ಮೂಗೋ, ದೇವರ ದಯೆಯಿಂದ ನೆಲದಿಂದ ಸಾಕಷ್ಟು ಎತ್ತರದಲ್ಲಿದೆ. ಹಾಗಾದರೆ ತಾವು ಮುಚ್ಚಳಿಕೆಯಲ್ಲಿ ಕೇಳುತ್ತಿರುವುದು ಏನನ್ನು? ಆವತ್ತು ಕೆಲಸಕ್ಕೆ ಬಾರದ ಮೂಗೊಂದನ್ನು ಇನ್ನು ಮೇಲೆ ಖಾಯಂ ನೇಮಿಸಿಕೊಳ್ಳಿ ಎಂದೇ?

ಇನ್ನೊಂದು ಸಂಗತಿ ನನಗೆ ಈಚೆಗಷ್ಟೇ ತಿಳಿಯಿತು. ಗ್ಯಾಸಿಗೆ ಹುಟ್ಟಿನಿಂದ ವಾಸನೆಯೇ ಇಲ್ಲವಂತೆ. ಜನರಿಗೆ ಎಚ್ಚರವಾಗಲೆಂದು ಅದಕ್ಕೆ ನಾತವನ್ನು ಬೇಕೆಂದೇ ಬೆರೆಸುತ್ತಾರಂತೆ. ಒಳ್ಳೆಯ ಕೆಲಸ, ಬೆರೆಸಿದವರ ಹೊಟ್ಟೆ ತಣ್ಣಗಿರಲಿ. ಅಂದರೆ ಆ ನಾತ ಒಂದು ಬರಹ, ‘ಅಪಾಯ, ಹತ್ತಿರ ಬರಬೇಡಿ’ ಎಂದು ಗಾಳಿಯಲ್ಲಿ ಬರೆದ ಬೋರ್ಡು. ಅಕ್ಕನಿಗೆ ಆ ಲಿಪಿ ಓದಲು ಬಾರದು. ಓದಲು ಬಾರದವರಿಗೆ ಸರ್ಕಾರಗಳು ಬೋರ್ಡಿನ ಮೇಲೆ ಚಿತ್ರ ಬರೆಸುತ್ತವೆ, ಗಂಟೆ ಬಾರಿಸುತ್ತವೆ, ಡಂಗುರ ಹೊಡೆಸುತ್ತವೆ. ತಾವು ಮಾತ್ರ, ಓದಲು ಬಾರದಿದ್ದರೆ ರಸ್ತೆಗೇ ಬರಬೇಡ ಎನ್ನುತ್ತಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಕಥೆ ಕೇಳಿದ್ದೆ. ಮೂಗು ಹೋಯಿತೆಂದು ಕೈಯನ್ನೂ ಕಟ್ಟಿಹಾಕುವವರನ್ನು ಈಗ ಕಂಡೆ.

ಇಷ್ಟಕ್ಕೂ ತಮ್ಮ ಅಪ್ಪಣೆ ನಮ್ಮ ಮನೆಗೆ ಬಂದ ಬಗೆಯನ್ನು ಹೇಳಬೇಕು. ಸೋರಿಕೆಯಾದ ಮೇಲೆ ದೂರು ಕೊಟ್ಟೆವು. ರಿಪೇರಿಗೆ ಬಂದದ್ದು ಅದೇ ಫಿಟ್ಟರ್. ನೆಗಡಿ ಮಾತ್ರ ವಾಸಿಯಾಗಿತ್ತು. ಡ್ರಾಯರ್ ಎಳೆದು, ತಲೆ ತೂರಿಸಿ, ಕಾಯಿಲೆ ಕಂಡುಹಿಡಿದ. ಡ್ರಾಯರಿನ ಹಿಂದಿನ ಅಂಚು ಒಳಗೆ ಹೋದಾಗಲೆಲ್ಲ ಪೈಪನ್ನು ಗುದ್ದುತ್ತದೆ. ಅಕ್ಕ ಚಮಚ ತೆಗೆದಾಗ ಒಂದು ಗುದ್ದು, ಚಾಕು ಇಟ್ಟಾಗ ಒಂದು ಗುದ್ದು. ಗುದ್ದು ತಿಂದು ತಿಂದು ಕ್ಲಿಪ್ಪು ಜಾರಿ ಪೈಪು ಸಡಿಲವಾಗಿದೆ. ಇವನು ಪರೀಕ್ಷೆ ಮಾಡಿದ್ದು ಡ್ರಾಯರನ್ನು ಹೊರಗಿಟ್ಟು. ನಾವು ಬಾಳುವುದು ಡ್ರಾಯರನ್ನು ಒಳಗಿಟ್ಟು. “ಇದು ಬಡಗಿ ತಪ್ಪು ಸಾರ್” ಅಂದ. ಬಡಗಿಗೆ ಫೋನು ಮಾಡಿದೆ. “ಪೈಪು ಅಲ್ಲಿ ಬರುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ? ಅದು ಗ್ಯಾಸಿನವನ ತಪ್ಪು” ಅಂದ. ಇಬ್ಬರ ಮಾತೂ ನಿಜವಿರಬಹುದು. ಗುದ್ದು ಬಿದ್ದದ್ದು ಪೈಪಿಗೆ, ಬಾಯಿಲ್ಲದ್ದು ಅದೊಂದೇ.

ಹೊಸ ಪೈಪು ಹಾಕಿ, ಅದನ್ನು ಗೋಡೆಯ ಪಕ್ಕಕ್ಕೆ ಸರಿಸಿ ಕಟ್ಟಿ, ಗ್ಯಾಸ್ ಬಿಟ್ಟು ಫಿಟ್ಟರ್ ಅಕ್ಕನ ಕಡೆ ತಿರುಗಿದ. ತಾವು ನಂಬಲಿಕ್ಕಿಲ್ಲ, ನಾನು ಎದುರಿಗೇ ನಿಂತಿದ್ದೆ.

“ಈಗ ವಾಸನೆ ಬರ್ತಿದೆಯಾ ಅಮ್ಮಾ?”

“ಅಯ್ಯಾ ಪುಣ್ಯಾತ್ಮ, ಕಿವಿಗೊಟ್ಟು ಕೇಳು. ನನ್ನ ಮೂಗಿಗೆ ಯಾವ ವಾಸನೇನೂ ತಿಳಿಯೋದಿಲ್ಲ. ಹೂವಿಂದೂ ಇಲ್ಲ, ಹೊಗೇದೂ ಇಲ್ಲ, ನಿನ್ನ ಬೆವರಿಂದೂ ಇಲ್ಲ.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ನಲ್ಲ!”

“ನೀವು ಬರಲ್ಲ ಅಂದ್ರಿ.”

“ಬರಲ್ಲ ಅಂದ್ರೆ ಬರಲ್ಲ ಅಂತಾನೇ ಕಣೋ!”

ಫಿಟ್ಟರ್ ಫೋನು ತೆಗೆದು ಮತ್ತೇನನ್ನೋ ಒತ್ತಿದ. ಈ ಸಲ ಅವನು ಸರಿಯಾಗಿ ಕೇಳಿಸಿಕೊಂಡಿದ್ದ. ಅದರ ಫಲವೇ ತಮ್ಮ ಅಪ್ಪಣೆ. ತಪ್ಪಾಗಿ ಕೇಳಿಸಿಕೊಂಡಾಗ ‘ಸುರಕ್ಷಿತ’ ಎಂಬ ಸರ್ಟಿಫಿಕೇಟು, ಸರಿಯಾಗಿ ಕೇಳಿಸಿಕೊಂಡಾಗ ಶಿಕ್ಷೆ. ಸೋರಿದ್ದು ಪೈಪು, ಕಟ್ಟಿದ್ದು ಫಿಟ್ಟರನ ಮೂಗು, ಗುದ್ದಿದ್ದು ಡ್ರಾಯರು. ಮುಚ್ಚಳಿಕೆ ಬರೆಯಬೇಕಾದವಳು ಮಾತ್ರ ಅಕ್ಕ.

ತಮ್ಮ ಕಚೇರಿಗೂ ಬಂದಿದ್ದೆ. ಕೌಂಟರಿನಾಚೆಯ ಗುಮಾಸ್ತರು ಸಭ್ಯರು, ಚಹಾದ ಲೋಟ ಕೆಳಗಿಟ್ಟೇ ಮಾತಾಡಿದರು.

“ಸಾರ್, ಕಣ್ಣು ಕಾಣದೋರಿಗೆ ಒಂದು ವಿಭಾಗ ಇದೆ, ಕಿವಿ ಕೇಳದೋರಿಗೆ ಇನ್ನೊಂದು. ಮೂಗಿಗೆ ನಮ್ಮಲ್ಲಿ ವಿಭಾಗ ಇಲ್ಲ.”

“ಹಾಗಾದ್ರೆ ನಾನು ಎಲ್ಲಿಗೆ ಹೋಗಲಿ?”

“ಇತರೆ ವಿಭಾಗಕ್ಕೆ ಹೋಗಿ. ಆದ್ರೆ ಇತರೆಯವರು ರಜದ ಮೇಲಿದ್ದಾರೆ. ಅಲ್ಲಾ ಸಾರ್, ಮನೇಲಿ ಮೂಗಿರೋರು ಯಾರೂ ಇಲ್ವಾ?”

“ನಾನಿದ್ದೀನಿ.”

“ಮತ್ತಿನ್ನೇನು ಕಷ್ಟ? ನಿಂತ್ಕೊಳ್ಳಿ!”

“ನಾವು ಅಲಾರಂ ಹಾಕಿಸಿದ್ದೀವಲ್ಲ. ಗ್ಯಾಸು ಸೋರಿದ್ರೆ ಕಿರುಚುತ್ತೆ. ಅಕ್ಕನ ಕಿವಿ ಸರಿಯಾಗಿದೆ.”

“ಹಾಕಿಸಿಕೊಳ್ಳಿ ಸಾರ್. ಅದು ನಿಮ್ಮ ಸಂತೋಷಕ್ಕೆ. ನಮ್ಮ ನಿಯಮದಲ್ಲಿ ಇರೋದು ವಾಸನೆ.”

ಗುಮಾಸ್ತರಿಗೆ ಸಂತೋಷ ಎನ್ನಿಸಿದ ಆ ಅಲಾರಮ್ಮನ್ನು ಅಕ್ಕ ತಾನೇ ಹುಡುಕಿ ತಂದದ್ದು. ಗ್ಯಾಸು ನೆಲ ಹಿಡಿಯುತ್ತದೆಂದು ಅದನ್ನು ಗೋಡೆಯ ಬುಡದಲ್ಲಿ, ಕಪಾಟಿನ ಪಕ್ಕ ಕೂರಿಸಿದ್ದಾಳೆ. ಕಪಾಟಿನ ಬಾಗಿಲ ಕೆಳಭಾಗದಲ್ಲಿ ಗಾಳಿಯಾಡಲೆಂದು ಬಡಗಿಯಿಂದ ತೂತು ಕೊರೆಸಿದ್ದಾಳೆ. ಡ್ರಾಯರಿನ ಬೆನ್ನು ಕತ್ತರಿಸಿ ಗಿಡ್ಡ ಮಾಡಿಸಿದ್ದಾಳೆ. ಅಲಾರಮ್ಮಿನ ಗುಂಡಿ ಒತ್ತಿ ಪರೀಕ್ಷಿಸಿದ ದಿನ ಅದು ಕೂಗಿದ ಕೂಗಿಗೆ ಮೇಲಿನ ಮನೆಯಿಂದ “ಏನ್ರೀ ಅದೂ?” ಎಂದು ಟೀಚರಮ್ಮ ಕೂಗಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಬೀದಿಯಲ್ಲಿಲ್ಲ.

ಆದರೂ ಅಪ್ಪಣೆ ಅಪ್ಪಣೆಯೇ. ನಾನು ಹುದ್ದೆ ವಹಿಸಿಕೊಂಡೆ. ಒಲೆ ಉರಿಯುವಷ್ಟು ಹೊತ್ತೂ ಅಡುಗೆಮನೆಯ ಮೂಲೆ ಹಿಡಿದು ನಿಂತು ಮೂಗರಳಿಸುವುದು ನನ್ನ ಕೆಲಸ. ಜಾಮಿಗೆ ಹೊತ್ತು ಬೇಕು. ನಿಂತು ನಿಂತು ಕಾಲು ಸೆಳೆಯುತ್ತದೆ. ಕಾಲು ಸೆಳೆದರೆ ಓಡಾಡುತ್ತೇನೆ. ಓಡಾಡಿದರೆ ಅಕ್ಕನಿಗೆ ಅಡ್ಡ ಬರುತ್ತೇನೆ. ಸುಮ್ಮನಿದ್ದರೆ ಭಯವಾಗುತ್ತದೆ, ಭಯವಾದರೆ ಮಾತಾಡುತ್ತೇನೆ. ಬೆಳಿಗ್ಗೆ ಎದ್ದಾಗ ಗಂಟಲು ಕೆರೆದರೆ ಎದೆ ಧಸಕ್ಕೆನ್ನುತ್ತದೆ. ಕಚೇರಿಯ ಏಕೈಕ ಮೂಗಿಗೆ ನೆಗಡಿಯಾದರೆ ಬದಲಿ ಮೂಗು ಕಳಿಸುತ್ತೀರಾ? ಅಂಚೆಯವನಿಗೆ ಬಾಗಿಲು ತೆರೆಯಲು ಹೋದ ಮೂಗು ಹಾಜರಿ ತಪ್ಪಿದಂತೆಯೇ? ತಮ್ಮ ಮುಚ್ಚಳಿಕೆಯಲ್ಲಿ ಇದಕ್ಕೆಲ್ಲ ಉತ್ತರವಿಲ್ಲ.

ಮೊನ್ನೆ ಅಕ್ಕ ಪ್ಲಮ್ ಹಣ್ಣಿನ ಜಾಮ್ ಮಾಡುತ್ತಿದ್ದಳು. ನಾನು ಎಂದಿನಂತೆ ಮೂಸುತ್ತಿದ್ದೆ, ಮೂಸುತ್ತ ಹರಟುತ್ತಿದ್ದೆ. ಒಮ್ಮೆಲೇ ಘಾಟು ಮೂಗಿಗೆ ಬಡಿಯಿತು.

“ಅಕ್ಕಾ, ತಳ ಹಿಡೀತಿದೆ!”

“ಗೊತ್ತಾಯ್ತು ಬಿಡು. ನಿನ್ನ ಮಾತಿನ ಮಧ್ಯೆ ಅದರ ಸದ್ದು ಎಲ್ಲಿ ಕೇಳಿಸ್ಬೇಕು?”

ಇಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಜಾಮು ಸುಟ್ಟದ್ದು ಅದೇ ಮೊದಲು. ಅದೂ ತಮ್ಮ ನಿಯಮದ ಪ್ರಕಾರ, ಘ್ರಾಣಶಕ್ತಿಯುಳ್ಳ ವಯಸ್ಕನ ಸಮಕ್ಷಮದಲ್ಲಿ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಪಾತ್ರೆಯನ್ನು ನೀರಿಗೆ ಹಾಕಿ, ಸ್ಟೂಲಿನ ಮೇಲೆ ಕೂತಳು.

“ಮೂಗು ಹೋದ ದಿನಾನೂ ನನಗೆ ಹೀಗನ್ನಿಸಿರಲಿಲ್ಲ ಕಣೋ” ಅಂದಳು. “ನೀನು ಬಂದು ಪಕ್ಕದಲ್ಲಿ ನಿಂತ್ಯಲ್ಲ, ಆಗಿನಿಂದ ಏನೋ ಕಳಕೊಂಡೋಳು ಅನ್ನಿಸ್ತಿದೆ.”

ನಾನು ನಗೆಬರಹಗಾರ, ಮಾನ್ಯರೇ. ಯಾವ ಮಾತಿಗಾದರೂ ಒಂದು ಮಾತು ಎಸೆಯುವುದು ನನ್ನ ವೃತ್ತಿ. ಆ ಮಾತಿಗೆ ನಾನು ಮೇಜಿನತ್ತ ಕೈ ತೋರಿಸಿದೆ. ಮುಚ್ಚಳಿಕೆಯ ಕಾಗದ ಮೇಜಿನ ಮೇಲಿತ್ತು. “ಸಹಿ ಹಾಕಿಬಿಡು, ಸುಮ್ಮನೆ ಕಾಗದಕ್ಕೆ. ಆಮೇಲೆ ನಾನು ನಿಲ್ಲೋದಿಲ್ಲ” ಎಂದೆ.

“ಸುಳ್ಳಿಗೆ ಯಾಕೆ ಸಹಿ ಹಾಕ್ಲಿ? ಬರಲಿ ಅವರು. ನಾನೇ ಮಾತಾಡ್ತೀನಿ. ಸೋಮವಾರ ನೀನು ಮನೇಲಿರಬೇಡ.”

“ನಾನಿಲ್ಲದಿದ್ರೆ ಕಿತ್ಕೊಂಡು ಹೋಗ್ತಾರೆ ಅಕ್ಕಾ.”

“ನೀನಿದ್ರೆ ನಿನ್ನ ಹತ್ರ ಮಾತಾಡಿ ಹೋಗ್ತಾರೆ. ಎರಡೂ ಒಂದೇ.”

ಆದ್ದರಿಂದ ಕೇಳಿಕೊಳ್ಳುವುದಲ್ಲ, ಒತ್ತಾಯಿಸುತ್ತೇನೆ. ಆ ಮುಚ್ಚಳಿಕೆಯನ್ನು ಹರಿದುಹಾಕಿ. ಒಲೆ ಜೋಡಿಸಿದ ಯಾವ ಫಿಟ್ಟರೂ ಇನ್ನು ಮುಂದೆ ಮನೆಯವರನ್ನು ‘ವಾಸನೆ ಬರ್ತಿದೆಯಾ’ ಎಂದು ಕೇಳಿ ಕೈ ತೊಳೆದುಕೊಳ್ಳುವಂತಿಲ್ಲ ಎಂದು ಆಜ್ಞೆ ಮಾಡಿ. ಡ್ರಾಯರು, ಕಪಾಟಿನ ಬಾಗಿಲು ಎಲ್ಲವನ್ನೂ ಸ್ವಸ್ಥಾನದಲ್ಲಿಟ್ಟು, ಎಳೆದು, ತಳ್ಳಿ, ಆಮೇಲೆ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ನೋಡಲಿ. ಗುಳ್ಳೆಗೆ ಎರಡರ್ಥವಿಲ್ಲ. ಎದ್ದರೆ ಸೋರುತ್ತಿದೆ, ಏಳದಿದ್ದರೆ ಇಲ್ಲ. ಮೂಗು ಕೆಲಸ ಮಾಡದವರ ಮನೆಯಲ್ಲಿ ಅಲಾರಂ ಇದ್ದರೆ ಸಾಕೆಂದು ನಿಯಮದಲ್ಲಿ ಬರೆಯಿರಿ. ಇಂಥವರು ನನ್ನ ಅಕ್ಕ ಒಬ್ಬಳೇ ಎಂದುಕೊಂಡಿದ್ದರೆ ತಮ್ಮ ಕಚೇರಿಯಿಂದ ಒಮ್ಮೆ ಹೊರಗೆ ಬನ್ನಿ. ಜ್ವರ ನಮ್ಮ ಮನೆಗೊಂದಕ್ಕೇ ಬಂದಿರಲಿಲ್ಲ. ಪರಿಶೀಲಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು ಎಂದು ಮಾತ್ರ ಉತ್ತರ ಬರೆಯಬೇಡಿ. ಮೂಗಿಗೆ ತುಪ್ಪ ಸವರಿದರೆ ಅದರ ಪರಿಮಳವೂ ಅಕ್ಕನಿಗೆ ತಿಳಿಯುವುದಿಲ್ಲ.

ಸೋಮವಾರ ತಮ್ಮ ತಪಾಸಣಾಧಿಕಾರಿ ಧಾರಾಳವಾಗಿ ಬರಲಿ. ನಾನು ಬೀದಿಯ ತುದಿಯಲ್ಲಿ, ಬಸ್ಸು ನಿಲ್ಲುವಲ್ಲಿನ ಬೆಂಚಿನ ಮೇಲೆ ಕೂತಿರುತ್ತೇನೆ. ಕೂತಿರುತ್ತೇನೆ ಎಂದು ಬರೆಯುವುದು ಸುಲಭ; ಏಳುತ್ತ, ಕೂರುತ್ತ, ನಮ್ಮ ಕಿಟಕಿಯ ಕಡೆ ನೋಡುತ್ತ, ನೋಡಬಾರದೆಂದು ತಿರುಗಿಕೊಳ್ಳುತ್ತ ಇರುತ್ತೇನೆ. ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆ ನನ್ನದು, ಅಡುಗೆಮನೆ ಅವಳದು. ನನ್ನದನ್ನು ಅವಳಲ್ಲಿ ಇಟ್ಟುಬರಲು ನನಗೆ ಹಕ್ಕಿಲ್ಲ. ತಮಗೂ ಇಲ್ಲ. ಬಾಗಿಲು ತಟ್ಟಿದರೆ ಅಕ್ಕ ತೆಗೆಯುತ್ತಾಳೆ. ಅವಳು ಒಬ್ಬಳೇ ಇರುತ್ತಾಳೆ, ಒಲೆ ಉರಿಯುತ್ತಿರುತ್ತದೆ. ಏನು ಕೇಳುವುದಿದ್ದರೂ ಅವಳನ್ನೇ ಕೇಳಲಿ. ‘ಮನೆಯಲ್ಲಿ ಬೇರೆ ಯಾರೂ ಇಲ್ಲವೇ’ ಎಂದು ಮಾತ್ರ ಕೇಳದಿರಲಿ. ಅವಳಿದ್ದಾಳೆ.

ಇಂತಿ,
ತಮ್ಮ
(ತಮ್ಮ ಕಚೇರಿಯ ತಮ್ಮನಲ್ಲ, ಮೂಗಿನ ಹುದ್ದೆಯಿಂದ ಅಕ್ಕ ವಜಾ ಮಾಡಿದ, ಅಕ್ಕನ ತಮ್ಮ)